ಯಾರ ಕಡೆಯಿಂದ ಬಂತು: ಟೈಪ್ ಒನ್ ಮಧುಮೇಹದ ವಂಶವಾಹಿಗಳ ಹುಡುಕಾಟ

ಮಗುವಿಗೆ ಟೈಪ್ ಒನ್ ಮಧುಮೇಹವಿದೆ ಎಂದು ತಿಳಿದ ಮನೆಯಲ್ಲಿ, ಇನ್ಸುಲಿನ್ನಿನ ಲೆಕ್ಕ ಅರ್ಥವಾಗುವುದಕ್ಕೂ ಮೊದಲೇ, ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ: "ಇದು ಯಾರ ಕಡಿಂದ ಬಂತು?" ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ನಾನು ಕಂಡಂತೆ ಈ ಪ್ರಶ್ನೆಯ ಉತ್ತರವೂ ಬಹುಮಟ್ಟಿಗೆ ಮೊದಲೇ ತೀರ್ಮಾನವಾಗಿರುತ್ತದೆ. "ನಮ್ಮ ಮನೆತನದಾಗ ಯಾರಿಗೂ ಶುಗರ್ ಇಲ್ಲ" ಎಂದು ಮನೆಯ ಹಿರಿಯರು ಹೇಳಿದರೆ ಮಾತು ಮುಗಿದಂತೆಯೇ. ಉಳಿಯುವುದು ಸೊಸೆಯ ತವರು ಮಾತ್ರ. ನಾನು ರಾಯಚೂರಿನಲ್ಲಿ ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಕಲಿಸುವವನು. ತಮ್ಮನ ಮಗಳಿಗೆ ಈ ಕಾಯಿಲೆ ಬಂದಾಗ ನಮ್ಮ ಮನೆಯಲ್ಲೂ ಇದೇ ಮಾತು ನಡೆಯಿತು, ಮತ್ತು ತಮ್ಮನ ಹೆಂಡತಿ ಅದನ್ನು ತಲೆತಗ್ಗಿಸಿ ಕೇಳಿಸಿಕೊಂಡಳು. ಅಂದಿನಿಂದ ಈ ಕಾಯಿಲೆಯ ಆನುವಂಶಿಕತೆಯ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ವಿಜ್ಞಾನಿಗಳೂ ಅರ್ಧ ಶತಮಾನದಿಂದ ಇದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಅವರಿಗೆ ಸಿಕ್ಕ ಉತ್ತರ ನಮ್ಮ ಪಡಸಾಲೆಗಳ ತೀರ್ಮಾನಕ್ಕಿಂತ ತೀರ ಬೇರೆಯಾದದ್ದು. ಅದನ್ನು ನಮ್ಮ ಭಾಗದ ತಂದೆತಾಯಂದಿರಿಗಾಗಿ ಬರೆದಿಡಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಮೊದಲು ಕಾಯಿಲೆಯ ಸ್ವರೂಪವನ್ನು ಹೇಳಿಬಿಡುತ್ತೇನೆ. ನಡುವಯಸ್ಸಿನಲ್ಲಿ ಬರುವ, ನಮ್ಮೂರಿನಲ್ಲಿ ಮನೆಗೊಬ್ಬರಿಗೆ ಎಂಬಂತೆ ಕಾಣುವ ಶುಗರ್ ಟೈಪ್ ಟೂ. ಅದರಲ್ಲಿ ದೇಹ ಇನ್ಸುಲಿನ್ ತಯಾರಿಸುತ್ತದೆ, ಆದರೆ ಅದು ಸಾಲುವುದಿಲ್ಲ ಅಥವಾ ಸರಿಯಾಗಿ ನಾಟುವುದಿಲ್ಲ. ಟೈಪ್ ಒನ್‌ನಲ್ಲಿ ರೋಗಗಳಿಂದ ನಮ್ಮನ್ನು ಕಾಯಬೇಕಾದ ಬಿಳಿರಕ್ತಕಣಗಳೇ ಮೇದೋಜೀರಕ ಗ್ರಂಥಿಯಲ್ಲಿರುವ ಬೀಟಾ ಕೋಶಗಳ ಮೇಲೆ ಎರಗಿ, ಇನ್ಸುಲಿನ್ ತಯಾರಿಸುವ ಆ ಕೋಶಗಳನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ನಾಶಮಾಡುತ್ತವೆ. 1922ರಲ್ಲಿ ಟೊರಾಂಟೊ ನಗರದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಚುಚ್ಚುವವರೆಗೆ ಈ ಮಕ್ಕಳು ಉಳಿಯುತ್ತಿರಲಿಲ್ಲ. ಹೆಚ್ಚು ಸಿಹಿ ತಿಂದಿದ್ದಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ. ಕರ್ನಾಟಕದ ಮಧುಮೇಹ ನೋಂದಣಿಯ 1995ರಿಂದ 2008ರವರೆಗಿನ ಮಾಹಿತಿಯ ಪ್ರಕಾರ ವರ್ಷಕ್ಕೆ ಪ್ರತಿ ಲಕ್ಷ ಗಂಡುಮಕ್ಕಳಲ್ಲಿ 3.7 ಮತ್ತು ಪ್ರತಿ ಲಕ್ಷ ಹೆಣ್ಣುಮಕ್ಕಳಲ್ಲಿ 4 ಹೊಸ ಪ್ರಕರಣಗಳು ಕಂಡುಬಂದಿದ್ದವು. ಪ್ರಮಾಣ ಸಣ್ಣದಾಗಿ ಕಂಡರೂ ನಮ್ಮ ದೇಶದ ಮಕ್ಕಳ ಸಂಖ್ಯೆ ದೊಡ್ಡದು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಲ್ಲಿ ಇಡೀ ಜಗತ್ತಿನಲ್ಲಿ 20 ವರ್ಷದೊಳಗಿನ 12 ಲಕ್ಷ ಮಕ್ಕಳಿಗೆ ಈ ಕಾಯಿಲೆಯಿದ್ದರೆ, ಅವರಲ್ಲಿ ಸುಮಾರು 2.29 ಲಕ್ಷ ಮಂದಿ ಭಾರತದವರು.

ಈ ಕಾಯಿಲೆಯಲ್ಲಿ ವಂಶವಾಹಿಗಳ ಪಾತ್ರ ಇದೆ ಎಂಬುದಕ್ಕೆ ಮುಖ್ಯ ಸಾಕ್ಷಿ ಕುಟುಂಬಗಳ ಅಧ್ಯಯನದಿಂದ ಬಂದದ್ದು. ಯುರೋಪ್ ಮತ್ತು ಅಮೆರಿಕದ ಲೆಕ್ಕಗಳಲ್ಲಿ ಸಾಮಾನ್ಯ ಜನರಲ್ಲಿ ಸಾವಿರಕ್ಕೆ ಸುಮಾರು ನಾಲ್ವರಿಗೆ ಬರುವ ಈ ಕಾಯಿಲೆ, ಟೈಪ್ ಒನ್ ಇರುವ ಮಗುವಿನ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಬರುತ್ತದೆ; ಎಂದರೆ ಹದಿನೈದು ಪಟ್ಟು ಹೆಚ್ಚು. ಒಂದೇ ಭ್ರೂಣ ಒಡೆದು ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಂಭವ ಮೂರರಲ್ಲಿ ಒಂದರಿಂದ ಅರ್ಧದವರೆಗೂ ಇದೆ, ಮತ್ತು ಅಂಥ ಅವಳಿಗಳನ್ನು 60 ವರ್ಷ ವಯಸ್ಸಿನವರೆಗೆ ಹಿಂಬಾಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಶೇಕಡ 65ನ್ನು ಮುಟ್ಟಿತ್ತು. ಆದರೆ ಇದೇ ಲೆಕ್ಕವನ್ನು ಇನ್ನೊಂದು ಬದಿಯಿಂದಲೂ ಓದಬೇಕು. ಅಕ್ಷರ ಅಕ್ಷರವೂ ಒಂದೇ ಆಗಿರುವ ಡಿಎನ್‌ಎ ಹೊತ್ತ ಅವಳಿಗಳಲ್ಲಿಯೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಜೀವಮಾನವೆಲ್ಲ ಬಾರದೆ ಇರುವುದುಂಟು. ಹೊಸದಾಗಿ ಕಾಯಿಲೆ ಪತ್ತೆಯಾಗುವ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಕ್ಕಳ ತಂದೆ, ತಾಯಿ, ಒಡಹುಟ್ಟಿದವರು ಯಾರಿಗೂ ಟೈಪ್ ಒನ್ ಇರುವುದಿಲ್ಲ. "ನಮ್ಮ ಮನೆತನದಾಗ ಯಾರಿಗೂ ಇಲ್ಲ" ಎಂಬ ಮಾತು ನಿಜವೇ ಇರಬಹುದು. ಅದು ಯಾವ ಮನೆತನವನ್ನೂ ಬಿಡುಗಡೆ ಮಾಡುವುದಿಲ್ಲ, ಯಾವುದನ್ನೂ ಹಿಡಿದು ನಿಲ್ಲಿಸುವುದೂ ಇಲ್ಲ.

ಹುಡುಕಾಟದ ಮೊದಲ ದೊಡ್ಡ ಫಲ ದೊರೆತದ್ದು 1974ರ ಸುಮಾರಿಗೆ. ಆ ವರ್ಷ ಲಂಡನ್ನಿನಲ್ಲಿ ಬೊಟ್ಟಾಟ್ಸೊ, ಡೋನಿಯಾಕ್ ಮತ್ತು ಸಂಗಡಿಗರು ಮಧುಮೇಹಿಗಳ ರಕ್ತದಲ್ಲಿ ಮೇದೋಜೀರಕದ ಇನ್ಸುಲಿನ್ ಕೋಶಗಳಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು (ಸಾಮಾನ್ಯವಾಗಿ ರೋಗಾಣುಗಳ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳನ್ನು) ತೋರಿಸಿದರು. ದೇಹ ತನ್ನ ಮೇಲೆಯೇ ತಿರುಗಿ ಬೀಳುತ್ತಿದೆ ಎಂಬ ಊಹೆಗೆ ಅದರಿಂದ ಗಟ್ಟಿ ಆಧಾರ ಬಂತು. ಅದೇ ವರ್ಷ ಡೆನ್ಮಾರ್ಕಿನಲ್ಲಿ ಯೋರ್ನ್ ನೆರುಪ್ ಅವರ ತಂಡ ಇನ್ಸುಲಿನ್ ಅವಲಂಬಿತ ಮಧುಮೇಹಿಗಳಲ್ಲಿ ಕೆಲವು ಎಚ್‌ಎಲ್‌ಎ ಗುರುತುಗಳು ಉಳಿದವರಿಗಿಂತ ಹೆಚ್ಚಾಗಿವೆ ಎಂದು ವರದಿ ಮಾಡಿತು. ಎಚ್‌ಎಲ್‌ಎ ಎಂಬ ಹೆಸರನ್ನು ಕಿಡ್ನಿ ಕಸಿಯ ಸಂದರ್ಭದಲ್ಲಿ ನಮ್ಮವರು ಕೇಳಿರುತ್ತಾರೆ. ದಾನಿಯ ಮತ್ತು ರೋಗಿಯ ನಡುವೆ ಹೊಂದಾಣಿಕೆ ನೋಡುವುದು ಇದನ್ನೇ. ಆರನೆಯ ವರ್ಣತಂತುವಿನ (ಕ್ರೋಮೋಸೋಮಿನ) ಗಿಡ್ಡ ತೋಳಿನ ಮೇಲೆ ಒತ್ತೊತ್ತಾಗಿ ಕೂತಿರುವ ಈ ವಂಶವಾಹಿಗಳು ತಯಾರಿಸುವ ಪ್ರೋಟೀನುಗಳು ನಮ್ಮ ಕೋಶಗಳ ಮೇಲ್ಮೈಯಲ್ಲಿ ನಿಂತು, ತಮ್ಮ ತಗ್ಗಿನಲ್ಲಿ ಪ್ರೋಟೀನಿನ ಚೂರೊಂದನ್ನು ಹಿಡಿದು, ಅಂಗೈ ಮೇಲಿಟ್ಟು ತೋರಿಸಿದಂತೆ, ಟಿ-ಕೋಶಗಳೆಂಬ ಬಿಳಿರಕ್ತಕಣಗಳಿಗೆ ತೋರಿಸುತ್ತವೆ. ಟಿ-ಕೋಶ ಆ ಚೂರನ್ನು ನೋಡಿ ಇದು ನಮ್ಮದೋ ಪರಕೀಯವೋ ಎಂದು ನಿರ್ಧರಿಸುತ್ತದೆ.

ಟೈಪ್ ಒನ್ ಮಧುಮೇಹದ ಒಟ್ಟು ಆನುವಂಶಿಕ ಅಪಾಯದಲ್ಲಿ ಅರ್ಧದಷ್ಟು ಈ ಒಂದೇ ನೆಲೆಯಿಂದ ಬರುತ್ತದೆ. ಅದರಲ್ಲೂ ಡಿಆರ್3 ಮತ್ತು ಡಿಆರ್4 ಎಂದು ಕರೆಯುವ ಎರಡು ರೂಪಗಳು ಮುಖ್ಯವಾದವು. ಒಂದು ಕಡೆಯಿಂದ ಡಿಆರ್3, ಇನ್ನೊಂದು ಕಡೆಯಿಂದ ಡಿಆರ್4 ಪಡೆದ ಮಗುವಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ಒಂದನ್ನೇ ಎರಡೂ ಕಡೆಯಿಂದ ಪಡೆದವರಿಗಿಂತಲೂ ಹೆಚ್ಚು. ಈ ಮಾತನ್ನು ನಾನು ತಂದೆತಾಯಂದಿರ ಮುಂದೆ ನಿಧಾನವಾಗಿ, ಎರಡು ಸಲ ಹೇಳುತ್ತೇನೆ. ಅತ್ಯಂತ ಹೆಚ್ಚಿನ ಅಪಾಯದ ಜೋಡಿ ತಯಾರಾಗುವುದಕ್ಕೆ ತಂದೆಯದೊಂದು, ತಾಯಿಯದೊಂದು ಬೇಕು, ಮತ್ತು ಆ ಒಂದೊಂದನ್ನೂ ಹೊತ್ತ ತಂದೆತಾಯಿ ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುತ್ತಾರೆ. ಇನ್ನೂ ಒಂದು ಮಾತು: ಯುರೋಪಿನ ಲೆಕ್ಕದಲ್ಲಿ ಆ ಜೋಡಿಯನ್ನು ಪಡೆದೇ ಹುಟ್ಟಿದ, ಆದರೆ ಮನೆಯಲ್ಲಿ ಯಾರಿಗೂ ಕಾಯಿಲೆಯಿರದ ಮಕ್ಕಳಲ್ಲಿಯೂ ಇಪ್ಪತ್ತಕ್ಕೆ ಒಬ್ಬರಿಗೆ ಮಾತ್ರ ಬಾಲ್ಯದಲ್ಲಿ ಮಧುಮೇಹ ಬರುತ್ತದೆ. ಇದಕ್ಕೆ ವಿರುದ್ಧವಾಗಿ ಕಾಯುವ ರೂಪಗಳೂ ಇವೆ. ಡಿಆರ್15 ಜೊತೆಗೆ ಬರುವ ಡಿಕ್ಯೂ6 ಎಂಬ ರೂಪ ಯುರೋಪಿನ ಜನರಲ್ಲಿ ಐದಕ್ಕೊಬ್ಬರಲ್ಲಿ ಇದ್ದರೂ ಟೈಪ್ ಒನ್ ಇರುವ ಮಕ್ಕಳಲ್ಲಿ ನೂರಕ್ಕೊಬ್ಬರಲ್ಲಿ ಸಿಗುವುದೇ ಕಷ್ಟ.

ಈ ಹುಡುಕಾಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ 1987ರದು. ಜಾನ್ ಟಾಡ್, ಜಾನ್ ಬೆಲ್ ಮತ್ತು ಹ್ಯೂ ಮೆಕ್‌ಡೆವಿಟ್ ಮೂವರೂ ಇದೇ ಎಚ್‌ಎಲ್‌ಎ ಗುಂಪಿನ ಡಿಕ್ಯೂ ಪ್ರೋಟೀನಿನ ಬೀಟಾ ಸರಪಳಿಯಲ್ಲಿ ಇಟ್ಟಿಗೆಗಳಂತೆ ಜೋಡಿಸಿರುವ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಓದುತ್ತ ಹೋಗಿ, 57ನೆಯ ಸ್ಥಾನಕ್ಕೆ ಬಂದು ನಿಂತರು. ಆ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲ ಇದ್ದರೆ ರಕ್ಷಣೆ. ಅದರ ಬದಲು ಅಲನೀನಿನಂಥ ಬೇರೆಯದು ಇದ್ದರೆ ಅಪಾಯ. ಇಷ್ಟು ದೊಡ್ಡ ಕಾಯಿಲೆಯ ಅಪಾಯ ಒಂದು ಪ್ರೋಟೀನಿನ ಒಂದೇ ಒಂದು ಸ್ಥಾನದವರೆಗೆ ಹೋಗಿ ಮುಟ್ಟಿದ್ದು ಆಗ ಬಹಳ ದೊಡ್ಡ ಸಂಗತಿ. ತಗ್ಗಿನ ಮೂಲೆಯಲ್ಲಿರುವ ಆ ಸ್ಥಾನ ಬದಲಾದರೆ ತಗ್ಗಿನ ಆಕಾರ ಮತ್ತು ವಿದ್ಯುದಂಶ ಬದಲಾಗುತ್ತದೆ, ಇನ್ಸುಲಿನ್ನಿನ ಚೂರು ಅಲ್ಲಿ ಕೂಡುವ ಬಗೆಯೂ ಬದಲಾಗುತ್ತದೆ. ಆದರೆ ಯುರೋಪಿನ ಜನರಲ್ಲಿ ಇಷ್ಟು ಚೆನ್ನಾಗಿ ಹೊಂದಿದ ಈ ಸೂತ್ರ ಜಪಾನಿನಲ್ಲಿ ಹೊಂದಲಿಲ್ಲ. ಅಲ್ಲಿನ ಮಧುಮೇಹಿ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಡಿಕ್ಯೂ ರೂಪಗಳಲ್ಲಿ 57ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲವೇ ಇತ್ತು. ಒಂದು ಜನಸಮುದಾಯದಲ್ಲಿ ಕಂಡ ಸತ್ಯವನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯಬಾರದು ಎಂಬುದು ಅಲ್ಲಿಗೇ ಸ್ಪಷ್ಟವಾಗಿತ್ತು. ನಮ್ಮ ಕಡೆಯ ಮಕ್ಕಳ ವಿಷಯಕ್ಕೆ ಬಂದಾಗ ಇದನ್ನು ಮತ್ತೆ ಎತ್ತುತ್ತೇನೆ.

ಎರಡನೆಯ ನೆಲೆ ಇನ್ಸುಲಿನ್ ವಂಶವಾಹಿಯದೇ. ಹನ್ನೊಂದನೆಯ ವರ್ಣತಂತುವಿನಲ್ಲಿ ಆ ವಂಶವಾಹಿಯ ಮುಂದೆಯೇ ಡಿಎನ್‌ಎಯ ಒಂದು ಗಿಡ್ಡ ತುಣುಕು ಮತ್ತೆ ಮತ್ತೆ ಬರುತ್ತದೆ. ಕೆಲವರಲ್ಲಿ ಅದು ಮೂವತ್ತು ನಲವತ್ತು ಸಲ ಬಂದರೆ ಇನ್ನು ಕೆಲವರಲ್ಲಿ ನೂರೈವತ್ತು ಸಲ ಬರುತ್ತದೆ. ಗಿಡ್ಡ ಸರಣಿಯವರಿಗೆ ಅಪಾಯ ಹೆಚ್ಚು, ಉದ್ದ ಸರಣಿಯವರಿಗೆ ಕಡಿಮೆ ಎಂಬ ಸುಳಿವನ್ನು ಗ್ರೇಮ್ ಬೆಲ್ ಮತ್ತು ಸಂಗಡಿಗರು 1984ರಲ್ಲಿಯೇ ಕೊಟ್ಟಿದ್ದರು. ಏಕೆ ಹೀಗೆ ಎಂಬುದು ತಿಳಿಯಲು 1997ರವರೆಗೆ ಕಾಯಬೇಕಾಯಿತು. ಎದೆಗೂಡಿನಲ್ಲಿ, ಹೃದಯದ ಮೇಲ್ಭಾಗದಲ್ಲಿ ಇರುವ ಥೈಮಸ್ ಎಂಬ ಗ್ರಂಥಿಯಲ್ಲಿ ಟಿ-ಕೋಶಗಳು ಬೆಳೆಯುತ್ತವೆ. ಅಲ್ಲಿ ದೇಹದ ನಾನಾ ಅಂಗಗಳ ಪ್ರೋಟೀನುಗಳು ತುಸು ತುಸು ತಯಾರಾಗುತ್ತವೆ, ಅವುಗಳ ಮೇಲೆ ಎರಗುವ ಟಿ-ಕೋಶಗಳನ್ನು ಅಲ್ಲಿಯೇ ಸಾಯಿಸಲಾಗುತ್ತದೆ. ಇನ್ಸುಲಿನ್ ಕೂಡ ಹೀಗೆ ಥೈಮಸ್ಸಿನಲ್ಲಿ ಸ್ವಲ್ಪ ತಯಾರಾಗುತ್ತದೆ. ಉದ್ದ ಸರಣಿಯವರಲ್ಲಿ ಅದು ಹೆಚ್ಚು, ಗಿಡ್ಡ ಸರಣಿಯವರಲ್ಲಿ ಕಡಿಮೆ. ಕಡಿಮೆ ಇದ್ದಲ್ಲಿ ಇನ್ಸುಲಿನ್ನನ್ನು ಶತ್ರು ಎಂದು ತಿಳಿಯುವ ಟಿ-ಕೋಶಗಳು ತಪ್ಪಿಸಿಕೊಂಡು ರಕ್ತಕ್ಕೆ ಇಳಿಯುವ ಸಂಭವ ಹೆಚ್ಚುತ್ತದೆ. ಮಗು ಹುಟ್ಟುವ ಮೊದಲೇ, ಗರ್ಭದಲ್ಲಿ, ಆರಂಭವಾಗುವ ಪ್ರಕ್ರಿಯೆ ಇದು. ತಾಯಿ ಬಸಿರಿನಲ್ಲಿ ಏನು ತಿಂದಳು, ಯಾವ ದೇವರಿಗೆ ನಡೆದುಕೊಂಡಳು ಎಂಬುದಕ್ಕೂ ಈ ಸರಣಿಯ ಉದ್ದಕ್ಕೂ ಯಾವ ನಂಟೂ ಇಲ್ಲ.

ಉಳಿದ ನೆಲೆಗಳನ್ನು ಬೇಗ ಹೇಳಿ ಮುಗಿಸಬಹುದು. ಟಿ-ಕೋಶಗಳ ಆವೇಶವನ್ನು ತಗ್ಗಿಸುವ ಸಿಟಿಎಲ್‌ಎ4, 2004ರಲ್ಲಿ ಗೊತ್ತಾದ ಪಿಟಿಪಿಎನ್22, ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸುವ ಐಎಫ್‌ಐಎಚ್1 ಇವೆಲ್ಲ ರೋಗನಿರೋಧಕ ವ್ಯವಸ್ಥೆಗೆ ಸೇರಿದವು, ಮತ್ತು ಒಂದೊಂದೂ ಅಪಾಯವನ್ನು ಕೂಡಿಸುವುದು ಸ್ವಲ್ಪ ಸ್ವಲ್ಪವೇ. 2007ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಏಳು ಕಾಯಿಲೆಗಳಿಗೆ ತಲಾ ಸುಮಾರು 2,000 ರೋಗಿಗಳನ್ನೂ 3,000 ಆರೋಗ್ಯವಂತರನ್ನೂ ತೆಗೆದುಕೊಂಡು ಇಡೀ ಜಿನೋಮನ್ನು, ಎಂದರೆ ಡಿಎನ್‌ಎಯನ್ನೆಲ್ಲ, ಜಾಲಾಡಿದ ಮೇಲೆ ಈ ಕೆಲಸದ ವೇಗವೇ ಬದಲಾಯಿತು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಐದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಸೇರಿಸಿಕೊಂಡಿತ್ತು. ಈಗ ಟೈಪ್ ಒನ್ ಮಧುಮೇಹಕ್ಕೆ ಸಂಬಂಧಿಸಿದ ನೆಲೆಗಳ ಪಟ್ಟಿ 60ನ್ನು ದಾಟಿ 80ರ ಹತ್ತಿರ ಬಂದಿದೆ.

ಈ ಹುಡುಕಾಟದ ಒಂದು ವಿಧಾನವನ್ನು ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳ ಪ್ರಶ್ನೆಗೆ ಅದು ಬಹಳ ಹತ್ತಿರದ್ದು. 1993ರಲ್ಲಿ ಸ್ಪೀಲ್ಮನ್, ಮೆಕ್‌ಗಿನ್ನಿಸ್ ಮತ್ತು ಯೂವೆನ್ಸ್ ಒಂದು ಪರೀಕ್ಷೆಯನ್ನು ರೂಪಿಸಿದರು, ಮತ್ತು ಅದನ್ನು ಮೊದಲು ಪ್ರಯೋಗಿಸಿದ್ದೇ ಇನ್ಸುಲಿನ್ ವಂಶವಾಹಿ ಮತ್ತು ಟೈಪ್ ಒನ್ ಮಧುಮೇಹದ ಮೇಲೆ. ಕಾಯಿಲೆಯ ಮಗು, ತಂದೆ, ತಾಯಿ ಮೂವರ ರಕ್ತವನ್ನೂ ಪಡೆಯುತ್ತಾರೆ. ಪ್ರತಿ ವಂಶವಾಹಿಯ ಎರಡು ಪ್ರತಿಗಳು ತಂದೆಯಲ್ಲಿವೆ, ಎರಡು ತಾಯಿಯಲ್ಲಿವೆ. ಒಬ್ಬೊಬ್ಬರೂ ಮಗುವಿಗೆ ಕೊಟ್ಟದ್ದು ಒಂದೊಂದನ್ನು. ಕೊಟ್ಟ ಪ್ರತಿ ಯಾವುದು, ಕೊಡದೆ ಉಳಿದದ್ದು ಯಾವುದು ಎಂದು ನೂರಾರು ಕುಟುಂಬಗಳಲ್ಲಿ ಎಣಿಸುತ್ತಾರೆ. ಒಂದು ರೂಪ ಅರ್ಧಕ್ಕಿಂತ ಹೆಚ್ಚು ಸಲ ರೋಗಿ ಮಗುವಿಗೆ ದಾಟಿದ್ದರೆ ಅದರಲ್ಲಿ ಏನೋ ಇದೆ ಎಂದು ಅರ್ಥ. ತಂದೆಯಿಂದ ಏನು ಬಂತು, ತಾಯಿಯಿಂದ ಏನು ಬಂತು ಎಂದು ಇಲ್ಲಿಯೂ ಕೇಳುತ್ತಾರೆ. ಆದರೆ ಆ ಲೆಕ್ಕದಲ್ಲಿ ತಂದೆ ಮತ್ತು ತಾಯಿ ಸಮ ಸಮ. ಒಬ್ಬರ ರಕ್ತ ಇಲ್ಲದಿದ್ದರೆ ಎಣಿಕೆ ಪೂರ್ಣವಾಗುವುದಿಲ್ಲ.

ಒಮ್ಮೆ ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಇದನ್ನು ವಿವರಿಸಲೆಂದು, ಹುಡುಗನ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಆ ಮನೆಯ ವಂಶವೃಕ್ಷವನ್ನು ಬರೆದಿದ್ದೆ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಹುಡುಗನ ತಾಯಿ ಮೂಲೆಯಲ್ಲಿದ್ದ ಮಣ್ಣಿನ ಗಡಿಗೆಯಿಂದ ಇನ್ಸುಲಿನ್ ಸೀಸೆಯನ್ನು ತೆಗೆದು, ಅದರ ಪ್ಲಾಸ್ಟಿಕ್ ಚೀಲ ಬಿಚ್ಚುತ್ತ, ನಮ್ಮ ಮಾತಿಗೆ ಕಿವಿಗೊಟ್ಟಿದ್ದರು. ಕರೆಂಟು ಸರಿಯಾಗಿ ಇರದ ಊರು, ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲು. ಒದ್ದೆ ಬಟ್ಟೆ ಸುತ್ತಿದ ಗಡಿಗೆಯೇ ಅವರ ಫ್ರಿಜ್ಜು. ಮೂರನೆಯ ತಲೆಮಾರಿಗೆ ಬಂದಾಗ ಹುಡುಗನ ಅಜ್ಜಿ, ತಂದೆಯ ತಾಯಿ, ತಮ್ಮ ಗಂಡನಿಗೆ ಒಬ್ಬ ತಂಗಿ ಇದ್ದಳೆಂದೂ, ಆಕೆ ಎಂಟೊಂಬತ್ತು ವರ್ಷದವಳಿದ್ದಾಗ "ನೀರು, ನೀರು ಅಂತಿದ್ಲು, ಕಡ್ಡಿ ಹಂಗ ಆಗಿ ಹೋದ್ಲು" ಎಂದೂ ಹೇಳಿದರು. ನಾನು ಆ ಸೊನ್ನೆಯನ್ನು ಬರೆದೆ. ಒಳಗೆ ಬಣ್ಣ ತುಂಬಲಿಲ್ಲ. ಅರವತ್ತು ವರ್ಷಗಳ ಹಿಂದಿನ ಸಾವಿಗೆ ನಾಲ್ಕು ಮಾತಿನಿಂದ ರೋಗನಿರ್ಣಯ ಮಾಡಲು ಬರುವುದಿಲ್ಲ, ಮತ್ತು ಗುರಿಯನ್ನು ಸೊಸೆಯ ತವರಿನಿಂದ ಮಾವನ ಮನೆತನಕ್ಕೆ ತಿರುಗಿಸುವುದು ನನ್ನ ಉದ್ದೇಶವೂ ಆಗಿರಲಿಲ್ಲ. ಆದರೆ ಇನ್ಸುಲಿನ್ ಸಿಗದ ಕಾಲದಲ್ಲಿ, ಸಿಗದ ಊರುಗಳಲ್ಲಿ, ಈ ಕಾಯಿಲೆಯ ಮಕ್ಕಳು ಹೆಸರಿಲ್ಲದ ಜ್ವರಕ್ಕೋ ಗಾಳಿಗೋ ತೀರಿಹೋದರೆಂದು ಲೆಕ್ಕಕ್ಕೆ ಸೇರಿರುತ್ತಾರೆ ಎಂಬುದನ್ನು ಮರೆಯಬಾರದು.

ಮದುವೆಯ ಮಾತು ಬಂದಾಗ ಈ ಅನ್ಯಾಯ ಇನ್ನೂ ಗಾಢವಾಗುತ್ತದೆ. ಟೈಪ್ ಒನ್ ಇರುವ ಹುಡುಗನಿಗೆ ಹೇಗೋ ಹೆಣ್ಣು ಸಿಗುತ್ತದೆ. ಹುಡುಗಿಗೆ ಸಂಬಂಧ ಕೂಡಿಬರುವುದಿಲ್ಲ, ಮಕ್ಕಳಿಗೂ ಬಂದೀತೆಂಬ ಭಯ. ಅಂಕಿಅಂಶಗಳು ಹೇಳುವುದು ಇದಕ್ಕೆ ವ್ಯತಿರಿಕ್ತವಾದದ್ದು. ಯುರೋಪ್ ಮತ್ತು ಅಮೆರಿಕದ ಕುಟುಂಬಗಳ ಅಧ್ಯಯನಗಳಲ್ಲಿ ತಂದೆಗೆ ಟೈಪ್ ಒನ್ ಇದ್ದರೆ ಮಕ್ಕಳಿಗೆ ಬರುವ ಸಂಭವ ನೂರಕ್ಕೆ ಆರೇಳು; ತಾಯಿಗೆ ಇದ್ದರೆ ಅದರ ಅರ್ಧದಷ್ಟು ಅಥವಾ ಅದಕ್ಕಿಂತ ಕಡಿಮೆ. ಎರಡರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಕಾಯಿಲೆ ಬರುವುದಿಲ್ಲ. ಬಸಿರಿಗೆ ಮೊದಲೂ ಬಸಿರಿನಲ್ಲಿಯೂ ಸಕ್ಕರೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕಾದ ಕಷ್ಟ ಹೆಣ್ಣುಮಕ್ಕಳಿಗೆ ಇದೆ, ನಿಜ. ಆದರೆ ಅದು ವಂಶವಾಹಿಯ ಮಾತಲ್ಲ, ಆರೈಕೆಯ ಮಾತು.

ಒಳಸಂಬಂಧದ ಮದುವೆಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕಾದದ್ದಿದೆ, ಏಕೆಂದರೆ ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದೂ ಸೋದರತ್ತೆಯ ಮಗನಿಗೆ ಕೊಡುವುದೂ ಇಂದಿಗೂ ಸಾಮಾನ್ಯ, ಮತ್ತು ಆಸ್ಪತ್ರೆಯಿಂದ ಮರಳಿದ ದಂಪತಿಗೆ "ಸಂಬಂಧದಾಗ ಆದದ್ದಕ್ಕ ಹಿಂಗಾತು" ಎಂಬ ಮಾತು ಕೇಳದೆ ಇರುವುದಿಲ್ಲ. ಹತ್ತಾರು ವಂಶವಾಹಿಗಳು ಸೇರಿ ತರುವ ಟೈಪ್ ಒನ್ ಮಧುಮೇಹದ ಮುಖ್ಯ ಕಾರಣ ಒಳಸಂಬಂಧ ಅಲ್ಲ. ಆದರೆ ಮಕ್ಕಳ ಮಧುಮೇಹವೆಲ್ಲವೂ ಟೈಪ್ ಒನ್ ಅಲ್ಲ. ಒಂದೇ ವಂಶವಾಹಿಯ ದೋಷದಿಂದ ಬರುವ ಅಪರೂಪದ ಬಗೆಗಳಿವೆ, ಅವುಗಳಲ್ಲಿ ಕೆಲವು ಎರಡೂ ಕಡೆಯಿಂದ ಅದೇ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಹುಟ್ಟಿದ ಮಗುವಿನ ವಂಶವಾಹಿಗಳಲ್ಲಿ ಸರಾಸರಿ ಎಂಟನೆಯ ಒಂದು ಭಾಗ ಎರಡೂ ಕಡೆಯಿಂದ ಒಂದೇ ಪೂರ್ವಜರ ಪ್ರತಿಯಾಗಿ ಬಂದಿರುತ್ತದೆ. ವಾಲ್ಕಟ್-ರ‍್ಯಾಲಿಸನ್ ಎಂಬ ಕಾಯಿಲೆಯಲ್ಲಿ ಎಳೆಗೂಸಿಗೆ ಮಧುಮೇಹ ಬಂದು, ಮುಂದೆ ಮೂಳೆ ಮತ್ತು ಯಕೃತ್ತಿಗೂ ತೊಂದರೆಯಾಗುತ್ತದೆ. ಒಳಸಂಬಂಧಗಳಿರುವ ಸಮುದಾಯಗಳಲ್ಲಿ ಹಸುಗೂಸುಗಳ ಕಾಯಂ ಮಧುಮೇಹಕ್ಕೆ ಅತಿ ಸಾಮಾನ್ಯ ಕಾರಣ ಅದೇ. ವುಲ್ಫ್ರಾಮ್ ಕಾಯಿಲೆಯಲ್ಲಿ ಬಾಲ್ಯದ ಮಧುಮೇಹದ ಹಿಂದೆಯೇ ಕಣ್ಣಿನ ನರ ಸೊರಗುತ್ತದೆ, ಎಷ್ಟೋ ವೇಳೆ ಕಿವಿಯೂ ಮಂದವಾಗುತ್ತದೆ. ಇವುಗಳಲ್ಲಿ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಂಭವ ಇರುವುದರಿಂದ, ಮುಂದಿನ ಮಗುವಿನ ಮೊದಲು ತಜ್ಞರ ಸಲಹೆ ಪಡೆಯುವುದು ಅಗತ್ಯ.

ವಂಶವಾಹಿಯ ಪರೀಕ್ಷೆ ಒಂದು ಮಗುವಿನ ಬಾಳನ್ನು ನೇರವಾಗಿ ಬದಲಿಸುವುದು ಇಂಥಲ್ಲಿಯೇ. ಆರು ತಿಂಗಳೊಳಗಿನ ಕೂಸಿಗೆ ಮಧುಮೇಹ ಬಂದರೆ ಅದು ಬಹುತೇಕ ಟೈಪ್ ಒನ್ ಆಗಿರುವುದಿಲ್ಲ. 2004ರಲ್ಲಿ ಬ್ರಿಟನ್ನಿನ ಎಕ್ಸೆಟರ್‌ನ ಆಂಡ್ರ್ಯೂ ಹ್ಯಾಟರ್ಸ್‌ಲಿ ಅವರ ತಂಡ ಕೆಸಿಎನ್‌ಜೆ11 ಎಂಬ ವಂಶವಾಹಿಯ ದೋಷದಿಂದ ಇಂಥ ಕೂಸುಗಳಿಗೆ ಮಧುಮೇಹ ಬರುವುದನ್ನು ಕಂಡುಹಿಡಿಯಿತು. 2006ರ ಹೊತ್ತಿಗೆ, ಆ ದೋಷವಿರುವವರಲ್ಲಿ ಶೇಕಡ 90ರಷ್ಟು ಮಂದಿ ಇನ್ಸುಲಿನ್ ಬಿಟ್ಟು ಗ್ಲಿಬೆನ್‌ಕ್ಲಮೈಡ್ ಎಂಬ ಹಳೆಯ, ಅಗ್ಗದ ಮಾತ್ರೆಯಿಂದಲೇ ಚೆನ್ನಾಗಿರಬಲ್ಲರೆಂದು ತೋರಿಸಿತು. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನಲ್ಲಿ ಈ ಬಗೆಯ ಪರೀಕ್ಷೆ ನಡೆಯುತ್ತದೆ. ಆದ್ದರಿಂದ ಹಸುಗೂಸಿನ ಮಧುಮೇಹ ಎಂದ ಕೂಡಲೇ ವೈದ್ಯರಲ್ಲಿ ಜೀನ್ ಪರೀಕ್ಷೆಯ ಬಗ್ಗೆ ಕೇಳಬೇಕು; ನಮ್ಮ ಭಾಗದಲ್ಲಿ ಇದನ್ನು ಕೇಳುವವರು ಇನ್ನೂ ವಿರಳ.

ವಂಶವಾಹಿಗಳೇ ಎಲ್ಲವೂ ಅಲ್ಲ ಎಂಬುದಕ್ಕೆ ನಾನು ತರಗತಿಯಲ್ಲಿ ಕೊಡುವ ಉದಾಹರಣೆ ಫಿನ್ಲೆಂಡಿನದು. ಜಗತ್ತಿನಲ್ಲೇ ಟೈಪ್ ಒನ್ ಅತಿ ಹೆಚ್ಚು ಇರುವ ದೇಶ ಅದು. ಅದರ ಗಡಿಗೆ ಅಂಟಿಕೊಂಡಿರುವ ರಷ್ಯಾದ ಕರೇಲಿಯ ಪ್ರಾಂತದ ಜನರಲ್ಲಿ ಅಪಾಯದ ಎಚ್‌ಎಲ್‌ಎ ರೂಪಗಳು ಬಹುಮಟ್ಟಿಗೆ ಅಷ್ಟೇ ಇದ್ದರೂ ಕಾಯಿಲೆಯ ಪ್ರಮಾಣ ಸುಮಾರು ಆರನೆಯ ಒಂದು ಭಾಗ. ಗಡಿಯ ಈಚೆಗೂ ಆಚೆಗೂ ಬೇರೆಯಾಗಿರುವುದು ಬದುಕಿನ ಪರಿಸರ. ಆ ಪರಿಸರದಲ್ಲಿ ಏನಿದೆ ಎಂದು ತಿಳಿಯಲು ಟೆಡ್ಡಿ ಎಂಬ ಅಧ್ಯಯನ 2004ರಿಂದ ಅಮೆರಿಕ, ಫಿನ್ಲೆಂಡ್, ಜರ್ಮನಿ ಮತ್ತು ಸ್ವೀಡನ್‌ಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ಎಚ್‌ಎಲ್‌ಎ ಪರೀಕ್ಷಿಸಿ, ಅಪಾಯವಿರುವ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿತು. ಕರುಳಿನಲ್ಲಿ ಬಹಳ ದಿನ ಉಳಿಯುವ ಎಂಟರೊವೈರಸ್ ಸೋಂಕಿಗೂ ಪ್ರತಿಕಾಯಗಳು ಹುಟ್ಟುವುದಕ್ಕೂ ನಂಟಿದೆ ಎಂಬುದು ಅದರ ಮುಖ್ಯ ಸುಳಿವುಗಳಲ್ಲಿ ಒಂದು.

ಇನ್ನು ನಮ್ಮ ಜನರ ಮಾತು. ಮೇಲೆ ಹೇಳಿದ ಲೆಕ್ಕಗಳು ಹೆಚ್ಚಾಗಿ ಯುರೋಪಿನ ಮೂಲದವರ ರಕ್ತದಿಂದ ಬಂದವು. ಜಪಾನಿನಲ್ಲಿ 57ನೆಯ ಸ್ಥಾನದ ಸೂತ್ರ ಕೈಕೊಟ್ಟಂತೆ ಭಾರತದಲ್ಲಿಯೂ ವ್ಯತ್ಯಾಸಗಳಿವೆ. ದೆಹಲಿಯ ಏಮ್ಸ್‌ನಲ್ಲಿ ನರಿಂದರ್ ಮೆಹ್ರಾ ಮತ್ತು ಸಂಗಡಿಗರು ದಶಕಗಳ ಕಾಲ ನಡೆಸಿದ ಎಚ್‌ಎಲ್‌ಎ ಅಧ್ಯಯನಗಳು, ಭಾರತೀಯ ರೋಗಿಗಳಲ್ಲಿ ಡಿಆರ್3ರ ಪಾತ್ರವೇ ಪ್ರಧಾನವೆಂದೂ, ಆ ಡಿಆರ್3 ಕೂಡ ಯುರೋಪಿನವರಲ್ಲಿ ಕಾಣುವ ಸರಣಿಗಿಂತ ಬೇರೆಯಾದ ನೆರೆಹೊರೆಯ ವಂಶವಾಹಿಗಳ ಜೊತೆ ಬರುತ್ತದೆಂದೂ ತೋರಿಸಿವೆ. ಯುರೋಪಿನಲ್ಲಿ ಅಷ್ಟು ಹೆಸರಾದ ಪಿಟಿಪಿಎನ್22 ರೂಪ ಏಷ್ಯಾದ ಜನರಲ್ಲಿ ಬಹಳ ವಿರಳ. ಹತ್ತಾರು ನೆಲೆಗಳ ಅಪಾಯವನ್ನು ಕೂಡಿಸಿ ಒಂದೇ ಅಂಕವಾಗಿ ಹೇಳುವ ಆನುವಂಶಿಕ ಅಪಾಯಾಂಕವನ್ನು ಪುಣೆಯ ಕೆಇಎಂ ಆಸ್ಪತ್ರೆ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಮತ್ತು ಎಕ್ಸೆಟರ್‌ನ ವಿಜ್ಞಾನಿಗಳು ಭಾರತೀಯ ರೋಗಿಗಳ ಮೇಲೆ ಪ್ರಯೋಗಿಸಿ 2020ರಲ್ಲಿ ಪ್ರಕಟಿಸಿದರು. ಟೈಪ್ ಒನ್ ಮತ್ತು ಟೈಪ್ ಟೂಗಳನ್ನು ಬೇರ್ಪಡಿಸಲು ಅದು ಇಲ್ಲಿಯೂ ಚೆನ್ನಾಗಿ ಸಹಾಯಕ್ಕೆ ಬಂದರೂ, ಯುರೋಪಿನವರಲ್ಲಿ ಬಂದಷ್ಟು ಚೆನ್ನಾಗಿ ಅಲ್ಲ. ನಮ್ಮಲ್ಲಿ ಇಪ್ಪತ್ತೈದರ ತೆಳ್ಳನೆಯ ತರುಣನಿಗೂ ಟೈಪ್ ಟೂ ಬರುತ್ತದೆ. ಮೈಕಟ್ಟು ನೋಡಿ ಕಾಯಿಲೆಯ ಬಗೆಯನ್ನು ಹೇಳುವಂತಿಲ್ಲ. ಅಂಥ ಕಡೆ ಈ ಅಂಕಕ್ಕೆ ನಿಜವಾದ ಬೆಲೆಯಿದೆ, ಮತ್ತು ಅದು ಇನ್ನಷ್ಟು ನಿಖರವಾಗಬೇಕಾದರೆ ನಮ್ಮ ಜನರ ಮಾಹಿತಿ ಅದರೊಳಗೆ ಸೇರಬೇಕು.

ಆದ್ದರಿಂದ ರಾಯಚೂರು, ಕೊಪ್ಪಳ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಸೇರಿ ಈ ಭಾಗದ ಟೈಪ್ ಒನ್ ಮಕ್ಕಳ ನೋಂದಣಿಯೊಂದನ್ನು ಜೊತೆಯಾಗಿ ನಡೆಸಲಿ ಎಂಬುದು ನನ್ನ ಆಸೆ. ಮಗು ಯಾವ ವಯಸ್ಸಿನಲ್ಲಿ ಯಾವ ಸ್ಥಿತಿಯಲ್ಲಿ ಬಂತು, ಪ್ರತಿಕಾಯಗಳ ಪರೀಕ್ಷೆ ಏನು ಹೇಳಿತು, ತಂದೆತಾಯಿ ಸಂಬಂಧಿಗಳೇ ಎಂಬಷ್ಟನ್ನು ದಾಖಲಿಸಿ, ಒಪ್ಪಿದ ಕುಟುಂಬಗಳಿಂದ ಮೂವರ ರಕ್ತವನ್ನೂ ಪಡೆದಿಟ್ಟರೆ, ಒಳಸಂಬಂಧಗಳು ಹೆಚ್ಚಿರುವ ನಮ್ಮ ಸಮುದಾಯಗಳಿಂದಲೇ ಹೊಸದೇನಾದರೂ ತಿಳಿಯಬಹುದು. ಇದಕ್ಕೆ ಬದಲಾಗಿ, ಉಗುಳಿನ ಮಾದರಿ ಕಳಿಸಿದರೆ ನಿಮ್ಮ ಮಗುವಿನ ಭವಿಷ್ಯ ಹೇಳುತ್ತೇವೆ ಎನ್ನುವ ಖಾಸಗಿ ಪರೀಕ್ಷೆಗಳಿಗೆ ಸಾಲ ಮಾಡಿ ಹಣ ಕೊಡಬೇಡಿ. ಅಪಾಯದ ಜೋಡಿ ಇದ್ದವರಲ್ಲೇ ಇಪ್ಪತ್ತಕ್ಕೆ ಒಬ್ಬರಿಗೆ ಬರುವ ಕಾಯಿಲೆಯಲ್ಲಿ ಆ ಕಾಗದ ಮನೆಯವರ ನಿದ್ದೆ ಕೆಡಿಸುತ್ತದೆಯೇ ಹೊರತು ಮಗುವನ್ನು ಕಾಯುವುದಿಲ್ಲ.

ಕಾಯಿಲೆಯಿರುವ ಮಗುವಿನ ಒಡಹುಟ್ಟಿದವರ ವಿಷಯ ಬೇರೆ. ಅವರಲ್ಲಿ ಇನ್ಸುಲಿನ್, ಜಿಎಡಿ, ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್ 8 ಎಂಬ ಬೀಟಾ ಕೋಶದ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳಲ್ಲಿ ಎರಡೋ ಹೆಚ್ಚೋ ಕಂಡರೆ ಹತ್ತು ವರ್ಷಗಳೊಳಗೆ ಹತ್ತಕ್ಕೆ ಏಳು ಮಕ್ಕಳಿಗೆ ಕಾಯಿಲೆ ಬರುತ್ತದೆಂದು ಯುರೋಪ್-ಅಮೆರಿಕದ ಮಕ್ಕಳ ಅಧ್ಯಯನ ತೋರಿಸಿದೆ. ಅಂಥವರಲ್ಲಿ ಕಾಯಿಲೆಯನ್ನು ಸರಾಸರಿ ಎರಡು ವರ್ಷ ಮುಂದೂಡಬಲ್ಲ ಟೆಪ್ಲಿಜುಮ್ಯಾಬ್ ಎಂಬ ಔಷಧಿಗೆ ಅಮೆರಿಕ 2022ರ ನವೆಂಬರ್‌ನಲ್ಲಿ ಅನುಮತಿ ಕೊಟ್ಟಿತು. ಅದರ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಆದರೆ ಮೊದಲೇ ಗೊತ್ತಿದ್ದ ಮನೆಯಲ್ಲಿ ಎರಡನೆಯ ಮಗು ವಾಂತಿ, ಏದುಸಿರು, ಅರೆಪ್ರಜ್ಞೆಯಲ್ಲಿ ತುರ್ತು ವಿಭಾಗಕ್ಕೆ ಬರುವುದು ತಪ್ಪುತ್ತದೆ. ಪ್ರತಿಕಾಯ ಪರೀಕ್ಷೆ ಮಾಡಿಸಲಾಗದವರು ಇಷ್ಟನ್ನಾದರೂ ಮಾಡಬಹುದು: ತಮ್ಮನೋ ತಂಗಿಯೋ ಪದೇ ಪದೇ ಮೂತ್ರಕ್ಕೆ ಎದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮತ್ತೆ ಬಂದರೆ, ನೀರಡಿಕೆ ಹೆಚ್ಚಿದರೆ, ತೂಕ ಇಳಿದರೆ, ಮನೆಯಲ್ಲೇ ಇರುವ ಗ್ಲೂಕೋಮೀಟರಿನಲ್ಲಿ ಅದೇ ದಿನ ಒಂದು ಹನಿ ರಕ್ತ ನೋಡಬೇಕು.

ಮುಂದೆ ಯಾವುದಾದರೂ ಸಂಶೋಧನೆಯವರು ರಕ್ತ ಕೇಳಿದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಂತೆ ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಕೇಳುವ ಹಕ್ಕು ನಿಮಗಿದೆ. ಕನ್ನಡದಲ್ಲಿಯೇ ಕೇಳಿ, ಓದಿಸಿಕೊಳ್ಳಿ, ರಕ್ತವನ್ನು ಏನು ಮಾಡುತ್ತಾರೆ, ಫಲಿತಾಂಶ ನಿಮಗೆ ತಿಳಿಸುತ್ತಾರೆಯೇ ಎಂದು ವಿಚಾರಿಸಿ. ಒಪ್ಪಿದರೆ ತಾಯಿಯನ್ನೊಬ್ಬಳನ್ನೇ ಕಳಿಸಬೇಡಿ; ತಂದೆಯೂ ಹೋಗಿ ಕೊಡಬೇಕು.